ದತ್ತು ತಂದ ನಾಯಿ ವಾಕಿಂಗ್‌ನಲ್ಲಿ ಎಳೆದಾಡ್ತಿದ್ರೆ: ಯಾವ ಲಕ್ಷಣಕ್ಕೆ ಏನು ಕಾರಣ, ಏನು ಮಾಡೋದು

ಬೀದಿಯಿಂದಲೋ ಶೆಲ್ಟರ್‌ನಿಂದಲೋ ನಾಯಿ ತಂದು ಸಾಕ್ತಿರೋರಿಗೆ ಅಂತ ಇದನ್ನ ಬರೀತಿದೀನಿ. ಅದ್ರಲ್ಲೂ ಎಂಟು ತಿಂಗಳಿಂದ ಎರಡು ವರ್ಷದೊಳಗಿನ ಇಂಡೀ ನಾಯಿಗಳು (ನಮ್ಮ ಊರ ನಾಟಿ ನಾಯಿಗಳು), ಮನೆ ಒಳಗೆ ತುಂಬಾ ಒಳ್ಳೇವು, ಗೇಟ್ ದಾಟಿದ ತಕ್ಷಣ ಮಾತ್ರ ಕೈ ಕಿತ್ತು ಬರೋ ಹಾಗೆ ಎಳೆಯೋವು. ನಾನಿರೋದು ಬೆಂಗಳೂರಲ್ಲಿ, ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿನ ರಸ್ತೆಗಳದ್ದೇ, ಆದ್ರೆ ಮೈಸೂರಾಗ್ಲಿ ಹುಬ್ಬಳ್ಳಿಯಾಗ್ಲಿ ದೊಡ್ಡ ವ್ಯತ್ಯಾಸ ಇರಲ್ಲ.

ಮೊದ್ಲು ಒಂದು ವಿಷ್ಯ. ಎಳೆಯೋಕೆ ಕಾರಣ ಒಂದೇ ಅಲ್ಲ. ಖುಷಿ ತಡೆಯೋಕಾಗ್ದೆ ಎಳೆಯೋ ನಾಯಿ ಇರತ್ತೆ, ಭಯಕ್ಕೆ ಎಳೆಯೋದು ಇರತ್ತೆ, ಹಾಕಿರೋ ಬೆಲ್ಟ್ ಒತ್ತಿ ನೋವಾಗಿ ಒದ್ದಾಡೋದೂ ಇರತ್ತೆ, ಹಗ್ಗ ಹಿಡ್ಕೊಂಡೋರ ಕೈಗೆ ಮಾತ್ರ ಎಲ್ಲಾ ಒಂದೇ ಥರ ಅನ್ಸತ್ತೆ. ಭಯ ಪಟ್ಟಿರೋ ನಾಯಿಗೆ ಗದರಿ ಜಗ್ಗಿದ್ರೆ ಭಯ ಇನ್ನೂ ಜಾಸ್ತಿ ಆಗತ್ತೆ, ಖುಷಿಯಿಂದ ಹಾರ್ತಿರೋ ನಾಯೀನ ಸುಮ್ನೆ ಸಮಾಧಾನ ಮಾಡ್ತಾ ನಿಂತ್ರೆ ಏನೂ ಉಪಯೋಗ ಇಲ್ಲ. ಅದಕ್ಕೇ ಟ್ರೈನರ್‌ಗೆ ಫೋನ್ ಮಾಡೋ ಮುಂಚೆ ಒಂದು ವಾರ ಮೊಬೈಲಲ್ಲಿ ಬರೆದಿಟ್ಕೊಳ್ಳಿ: ಎಲ್ಲಿ ಎಳೀತು, ಎದುರಿಗೆ ಏನಿತ್ತು, ಬಾಲ ಹೇಗಿತ್ತು, ಎಷ್ಟು ಹೊತ್ತಿಗೆ ಸರಿ ಹೋಯ್ತು. ದುಡ್ಡು ಖರ್ಚಿಲ್ಲ, ಅರ್ಧ ಉತ್ತರ ಇದ್ರಲ್ಲೇ ಸಿಗತ್ತೆ.

ಶುರು ಮಾಡೋ ಮುಂಚೆ ಜೋಪಾನ

ಹಗ್ಗವನ್ನ ಕೈಗೆ ಸುತ್ಕೋಬೇಡಿ. ನಾಯಿ ಒಂದು ಸಲ ಜೋರಾಗಿ ನುಗ್ಗಿದ್ರೆ ಬೆರಳು ಮುರಿಯತ್ತೆ, ಇಲ್ಲ ನೀವೇ ಮುಖ ಅಡಿ ಮಾಡ್ಕೊಂಡು ಬೀಳ್ತೀರ. ಹಗ್ಗದ ಕುಣಿಕೆಗೆ ಹೆಬ್ಬೆರಳು ಹಾಕಿ ಮುಷ್ಟಿ ಬಿಗಿ ಹಿಡೀರಿ, ಇನ್ನೊಂದು ಕೈ ಹಗ್ಗದ ನಡುವೆ ಇರ್ಲಿ. ಶಕ್ತಿಯಾದ ನಾಯೀನ ಚಿಕ್ಕ ಮಕ್ಕಳ ಕೈಗೋ ಮಂಡಿನೋವಿರೋ ಅಜ್ಜ ಅಜ್ಜಿ ಕೈಗೋ ಕೊಟ್ಟು ಕಳಿಸ್ಬೇಡಿ.

ಬೆಲ್ಟ್‌ನಲ್ಲಿ ನಿಮ್ಮ ಫೋನ್ ನಂಬರ್ ಇರೋ ಟ್ಯಾಗ್ ಇರ್ಲೇಬೇಕು. ರೇಬೀಸ್ ಲಸಿಕೆ ಆಗಿದ್ಯಾ ಅಂತ ದತ್ತು ಕೊಟ್ಟೋರನ್ನ ಕೇಳಿ, ಕಾಗದ ಇಲ್ಲ ಅಂದ್ರೆ ಆಗಿಲ್ಲ ಅಂತಾನೇ ತಿಳ್ಕೊಂಡು ಡಾಕ್ಟ್ರ ಹತ್ರ ಹಾಕ್ಸಿ. ವಾಕಿಂಗ್‌ನಲ್ಲಿ ಯಾವ ನಾಯಿನೇ ಯಾರಿಗೇ ಕಚ್ಚಿದ್ರೂ, ಪರಚಿದ್ರೂ, ನಲ್ಲಿ ನೀರು ಬಿಟ್ಟು ಸೋಪಲ್ಲಿ 15 ನಿಮಿಷ ತೊಳೀಬೇಕು, ಆಮೇಲೆ ಅವತ್ತೇ ಆಸ್ಪತ್ರೆ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನೂ ಮೆತ್ತಬೇಡಿ. ಸರ್ಕಾರಿ ಆಸ್ಪತ್ರೇಲಿ ಇಂಜೆಕ್ಷನ್ ಕೊಡ್ತಾರೆ, ಒಂದು ಹಾಕಿಸ್ಕೊಂಡು ಬಿಡೋ ಹಾಗಿಲ್ಲ, ಪೂರ್ತಿ ಕೋರ್ಸ್ ಮುಗಿಸ್ಬೇಕು.

ಲಕ್ಷಣ: ಮನೆಗೆ ಬಂದು ಒಂದೆರಡು ವಾರ ಆಗಿದೆ, ಹೊರಗೆ ಹೋದ್ರೆ ದಿಕ್ಕುದೆಸೆ ಇಲ್ಲದೆ ಎಳೆಯತ್ತೆ

ಇದು ದೋಷನೇ ಅಲ್ಲ. ಬೀದೀಲಿ ಬೆಳೆದ ನಾಯಿಗೆ ಕುತ್ತಿಗೆಗೆ ಹಗ್ಗ ಅನ್ನೋದೇ ಗೊತ್ತಿಲ್ಲ, ತನಗೆ ಬೇಕಾದ ಕಡೆ ತನ್ನ ವೇಗದಲ್ಲಿ ಓಡಾಡ್ಕೊಂಡಿದ್ದಿದ್ದು, ಶೆಲ್ಟರ್‌ನಲ್ಲಿದ್ದಿದ್ರೆ ದಿನವಿಡೀ ಬೊಗಳಾಟದ ಮಧ್ಯೆ ಇದ್ದು ತಲೆ ಚಿಟ್ಟು ಹಿಡಿದಿರತ್ತೆ. ನಾಯಿ ದತ್ತು ಕೊಡೋರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜು ಹೇಳ್ತಾರೆ: ಮೂರು ದಿನಕ್ಕೆ ಗಾಬರಿ ಇಳಿಯತ್ತೆ, ಮೂರು ವಾರಕ್ಕೆ ಮನೆ ರೂಢಿ ಆಗತ್ತೆ, ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅನ್ಸತ್ತೆ. ಎಲ್ಲಾ ನಾಯಿಗೂ ಹೀಗೇ ಅಂತಲ್ಲ, ಆದ್ರೆ ನೀವು ಎಷ್ಟು ತಾಳ್ಮೆ ಇಟ್ಕೋಬೇಕು ಅನ್ನೋದಕ್ಕೆ ಒಂದು ಲೆಕ್ಕ.

ಈ ದಿನಗಳಲ್ಲಿ ಉದ್ದ ವಾಕಿಂಗ್ ಬೇಡ. ಮನೆ ಮುಂದೆ, ಟೆರೇಸ್‌ನಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಜನ ಇಲ್ಲದಾಗ ಹತ್ತು ನಿಮಿಷ ಸಾಕು. ಟೆರೇಸ್ ಅಂದ್ರೆ ಪ್ಯಾರಪೆಟ್ ಗೋಡೆ ಎತ್ತರ ಇರ್ಬೇಕು, ಹಗ್ಗ ಬಿಚ್ಚಬಾರ್ದು. ಒಳಗೂ ಸ್ವಲ್ಪ ಹೊತ್ತು ಬೆಲ್ಟು, ಹಗ್ಗ ಹಾಕಿ, ಪಕ್ಕ ಬಂದಾಗೆಲ್ಲ ಒಂದು ಚೂರು ತಿಂಡಿ ಕೊಡಿ. ಹಗ್ಗದ ತುದಿ ಇರೋರ ಪಕ್ಕದಲ್ಲಿ ಒಳ್ಳೇದು ಸಿಗತ್ತೆ ಅನ್ನೋದು ಅದಕ್ಕೆ ರಸ್ತೆಗಿಂತ ಮುಂಚೆ ಮನೇಲೇ ಗೊತ್ತಾಗ್ಬೇಕು.

ಲಕ್ಷಣ: ಎಳೆದಾಗ ಕೆಮ್ಮತ್ತೆ, ಗೊರಗೊರ ಅನ್ನತ್ತೆ, ಇಲ್ಲಾ ತಲೆ ಕಳಚ್ಕೊಂಡು ಓಡತ್ತೆ

ಮೊದ್ಲು ಸಾಮಾನು ನೋಡಿ. ಕುತ್ತಿಗೆ ಬೆಲ್ಟಿಗೆ ಹಗ್ಗ ಹಾಕಿದಾಗ ಎಳೆತ ಎಲ್ಲಾ ಶ್ವಾಸನಾಳದ ಮೇಲೆ ಬೀಳತ್ತೆ, ಅದಕ್ಕೇ ಆ ಕೆಮ್ಮು. ಮುಂಗಾಲುಗಳ ಮಧ್ಯೆ ಎದೆ ಮೇಲೆ ವೈ ಆಕಾರದಲ್ಲಿ ಕೂರೋ ಹಾರ್ನೆಸ್ (ಕುತ್ತಿಗೆ ಬದ್ಲು ಎದೆ, ಬೆನ್ನಿಗೆ ಸುತ್ತೋ ಪಟ್ಟಿ) ತಗೊಳ್ಳಿ, ಎದೆ ಮುಂದೆ ಒಂದು ಕೊಂಡಿ, ಬೆನ್ನ ಮೇಲೆ ಒಂದು ಕೊಂಡಿ ಇರೋದು. ಮುಂದಿನ ಕೊಂಡಿಗೆ ಹಗ್ಗ ಹಾಕಿದ್ರೆ ನುಗ್ಗಿದಾಗ ನಾಯಿ ಮೈ ನಿಮ್ಮ ಕಡೆ ತಿರುಗತ್ತೆ, ಅರ್ಧ ಬಲ ಅಲ್ಲೇ ಹೋಗತ್ತೆ. ಭುಜಕ್ಕೆ ಅಡ್ಡ ಒಂದು ಪಟ್ಟಿ ಬರೋ ಥರದ್ದು ಬೇಡ, ಕಾಲು ಬೀಸೋಕೆ ತಡೆ ಆಗತ್ತೆ. ಪಟ್ಟಿ ಕೆಳಗೆ ಎರಡು ಬೆರಳು ಹೋಗ್ಬೇಕು, ಮೂರು ಹೋದ್ರೆ ಸಡಿಲ. ಕಂಕುಳಲ್ಲಿ ಕೂದಲು ಉದುರಿದ್ಯಾ, ಕೆಂಪಾಗಿದ್ಯಾ ಅಂತ ವಾರಕ್ಕೊಂದು ಸಲ ನೋಡಿ, ಎಷ್ಟೋ ನಾಯಿಗಳು ಹಾರ್ನೆಸ್ ಕಂಡ್ರೆ ಓಡಿಹೋಗೋದು ಈ ಉಜ್ಜುಗಾಯಕ್ಕೇ.

ಹಿಂದಕ್ಕೆ ಹೆಜ್ಜೆ ಇಟ್ಟು ತಲೆ ಕಳಚ್ಕೊಳ್ಳೋ ನಾಯಿಗೆ, ಮುಧೋಳ ಜಾತಿ ಥರ ತಲೆ ಸಣ್ಣ ಕುತ್ತಿಗೆ ದಪ್ಪ ಇರೋದಕ್ಕೆ, ಮಾಮೂಲಿ ಬೆಲ್ಟ್ ನಿಲ್ಲಲ್ಲ. ಮಾರ್ಟಿಂಗೇಲ್ ಅಂತ ಬೆಲ್ಟ್ ಸಿಗತ್ತೆ, ಎಳೆದಾಗ ಒಂದು ಮಿತಿವರೆಗೆ ಮಾತ್ರ ಬಿಗಿಯಾಗತ್ತೆ. ಭಯಸ್ಥ ನಾಯಿಗೆ ಹಾರ್ನೆಸ್‌ಗೂ ಬೆಲ್ಟಿಗೂ ಎರಡಕ್ಕೂ ಹಗ್ಗ ಸಿಕ್ಕಿಸಿ, ಒಂದು ಬಿಟ್ರೂ ಇನ್ನೊಂದು ಇರತ್ತೆ.

ಹಗ್ಗ ಐದಾರು ಅಡಿ ಇರೋ ಬಟ್ಟೆ ಪಟ್ಟಿದು ಸಾಕು. ಒತ್ತಿದ್ರೆ ಸುರುಳಿ ಬಿಚ್ಚೋ ಹಗ್ಗ ಈ ಕೆಲಸಕ್ಕೆ ಆಗಲ್ಲ, ಎಳೆದಷ್ಟೂ ಉದ್ದ ಸಿಗತ್ತೆ ಅಂತ ನಾಯಿಗೆ ನಾವೇ ಹೇಳ್ಕೊಟ್ಟ ಹಾಗೆ, ಮೇಲಾಗಿ ಸ್ಕೂಟರ್ ಬಂದಾಗ ತಕ್ಷಣ ಹಿಡಿದು ನಿಲ್ಸೋಕಾಗಲ್ಲ. ಕಬ್ಬಿಣದ ಚೈನು, ಕುತ್ತಿಗೆ ಬಿಗಿಯೋ ಚೋಕ್ ಚೈನು, ಮುಳ್ಳಿನ ಬೆಲ್ಟು, ಶಾಕ್ ಕೊಡೋ ಬೆಲ್ಟು ಇವ್ಯಾವ್ದೂ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಇನ್ನೊಂದು ನಾಯಿ ಕಂಡಾಗೆಲ್ಲ ಕುತ್ತಿಗೆ ನೋವಾದ್ರೆ, ಆ ನಾಯಿಯಿಂದಲೇ ನೋವು ಅಂತ ತಿಳ್ಕೊಳ್ಳತ್ತೆ, ಎಳೆತ ನಿಂತು ಕಚ್ಚಾಟ ಶುರುವಾಗತ್ತೆ.

ಸಾಮಾನು ಬದಲಾಯಿಸಿ ಒಂದು ವಾರ ಆದ್ಮೇಲೂ ಕೆಮ್ಮು ಇದ್ರೆ, ಮನೇಲಿ ಸುಮ್ನೆ ಮಲಗಿದ್ದಾಗ್ಲೂ ಕೆಮ್ಮಿದ್ರೆ, ಅದು ಟ್ರೈನಿಂಗ್ ವಿಷ್ಯ ಅಲ್ಲ. ಪಶುವೈದ್ಯರ ಹತ್ರ ಹೋಗಿ. ಪಗ್, ಪೊಮೆರೇನಿಯನ್ ಥರದ್ದಾದ್ರೆ ಆ ಒಂದು ವಾರನೂ ಕಾಯ್ಬೇಡಿ.

ಲಕ್ಷಣ: ಹಗ್ಗ ಕೈಗೆತ್ಕೊಂಡ ಕೂಡ್ಲೇ ಕುಣಿತ, ಬೊಗಳಾಟ, ಬಾಗಿಲಿಗೆ ನುಗ್ಗಾಟ

ಬಹಳ ಜನ ಇದನ್ನ ಬಿಟ್ಟು ರಸ್ತೇಲಿ ಪರಿಹಾರ ಹುಡುಕ್ತಾರೆ. ಮನೆ ಒಳಗೇ ತಲೆಗೆ ಏರಿರೋ ನಾಯಿ ರಸ್ತೇಲಿ ಇಳಿಯೋದು ಕಷ್ಟ. ಹಗ್ಗ ಎತ್ಕೊಳ್ಳಿ, ಕುಣಿದ್ರೆ ವಾಪಸ್ ಮೊಳೆಗೆ ನೇತುಹಾಕಿ ಕೂತ್ಕೊಳ್ಳಿ, ಬೈಬೇಡಿ, ಮಾತೂ ಆಡ್ಬೇಡಿ. ನಾಲ್ಕೂ ಕಾಲು ನೆಲದ ಮೇಲೆ ಬಂದ್ಮೇಲೆ ಮತ್ತೆ ಎತ್ಕೊಳ್ಳಿ. ಬಾಗಿಲಲ್ಲೂ ಇದೇ: ಚಿಲಕಕ್ಕೆ ಕೈ ಹಾಕಿ, ನುಗ್ಗಿದ್ರೆ ಕೈ ತೆಗೀರಿ, ನಿಂತ್ರೆ ಒಂದಿಂಚು ತೆಗೀರಿ. ಮೊದಮೊದ್ಲು ಹೊಸ್ತಿಲು ದಾಟೋಕೇ ಕಾಲು ಗಂಟೆ ಆಗ್ಬಹುದು, ಹಾಗಾಗಿ ಆಫೀಸಿಗೆ ಲೇಟಾಗೋ ಬೆಳಿಗ್ಗೆ ಹೊತ್ತಲ್ಲಿ ಶುರು ಮಾಡ್ಬೇಡಿ, ಭಾನುವಾರದ ಮಧ್ಯಾಹ್ನ ಹಿಡ್ಕೊಳ್ಳಿ. ವಾಕಿಂಗ್ ಇಲ್ಲದ ಹೊತ್ತಲ್ಲೂ ಸುಮ್ನೆ ಹಗ್ಗ ಎತ್ತಿ ಅಡುಗೆಮನೆವರೆಗೆ ಹೋಗಿ ಬನ್ನಿ, ಹಗ್ಗ ಅಂದ್ರೆ ಯಾವಾಗ್ಲೂ ಓಡಾಟ ಅಲ್ಲ ಅಂತ ಆಗತ್ತೆ.

ನಮ್ಮನೆ ಕರಿಯನಿಗೆ ಹಗ್ಗಕ್ಕಿಂತ ಚಪ್ಪಲಿ ಸದ್ದೇ ದೊಡ್ಡ ಸೂಚನೆ ಆಗಿತ್ತು. ನಿಮ್ಮ ನಾಯಿ ಯಾವ ಕ್ಷಣಕ್ಕೆ ಕಿವಿ ನಿಮಿರಿಸತ್ತೆ ನೋಡಿ, ಅಲ್ಲಿಂದ ಶುರು ಮಾಡಿ.

ಲಕ್ಷಣ: ಗೇಟ್‌ನಿಂದ ವಾಪಸ್ ಬರೋವರೆಗೂ ಒಂದೇ ಸಮ ಎಳೆತ, ಬಾಲ ಮೇಲೆ, ಮೂಗು ನೆಲಕ್ಕೆ

ಇದು ಎಲ್ಲಕ್ಕಿಂತ ಸಾಮಾನ್ಯ, ಸರಿ ಮಾಡೋಕೂ ಸುಲಭ, ಆದ್ರೆ ಹಟ ಬೇಕು. ನಾಯಿಗೆ ಇಲ್ಲಿ ಕೋಪನೂ ಇಲ್ಲ, ನಿಮ್ಮ ಮೇಲೆ ಯಜಮಾನಿಕೆ ಮಾಡೋ ಆಸೆನೂ ಇಲ್ಲ. ನಾಯಿ ನಮಗಿಂತ ಜೋರಾಗಿ ನಡೆಯತ್ತೆ, ಲೈಟ್ ಕಂಬದ ಬುಡದಲ್ಲಿ ಇಡೀ ಏರಿಯಾ ಸುದ್ದಿ ಇರತ್ತೆ, ಎಳೆದ್ರೆ ಅಲ್ಲಿಗೆ ತಲುಪಬಹುದು ಅಂತ ದಿನಾ ಸಾಬೀತಾಗ್ತಿದೆ. ಎಳೆತಕ್ಕೆ ನಾವು ಮುಂದಿಡೋ ಒಂದೊಂದು ಹೆಜ್ಜೆನೂ ಸಂಬಳ. ಇನ್ನೊಂದು, ಹಿಂದಕ್ಕೆ ಜಗ್ಗಿದ್ರೆ ನಾಯಿ ಮೈ ತಾನಾಗೇ ಮುಂದಕ್ಕೆ ಒತ್ತಿ ನಿಲ್ಲತ್ತೆ, ಹಾಗಾಗಿ ನೀವು ಜಗ್ಗಿದಷ್ಟೂ ಅದು ಜಗ್ಗತ್ತೆ.

ಮೊದಲ ಪರೀಕ್ಷೆ ಸುಲಭದ್ದು: ವಾಕಿಂಗ್‌ಗೆ ಮುಂಚೆ ಮನೇಲಿ ಕಾಲು ಗಂಟೆ ಮೂಗಿನ ಕೆಲಸ ಕೊಡಿ. ಹಳೇ ಟವೆಲ್ ಸುರುಳಿ ಒಳಗೆ ಅದರ ಊಟದ ಒಂದು ಪಾಲು ಬಚ್ಚಿಡೋದು, ಬಾಲ್ಕನೀಲಿ ಚೆಲ್ಲಿ ಹುಡುಕ್ಸೋದು. ಅವತ್ತು ಎಳೆತ ಕಮ್ಮಿ ಆದ್ರೆ ನಾಯಿಗೆ ದಿನವಿಡೀ ಕೆಲಸ ಸಾಲ್ತಿಲ್ಲ ಅಂತ ಅರ್ಥ, ಅದನ್ನೇ ರೂಢಿ ಮಾಡ್ಕೊಳ್ಳಿ. ಸುಸ್ತಾಗ್ಲಿ ಅಂತ ಚೆಂಡೆಸೆದು ಓಡಿಸಿ ಓಡಿಸಿ ಆಮೇಲೆ ಕರ್ಕೊಂಡು ಹೋದ್ರೆ ಎಷ್ಟೋ ನಾಯಿಗೆ ಉಲ್ಟಾ ಆಗತ್ತೆ, ಇನ್ನೂ ಜೋರು ಏರಿರತ್ತೆ.

ಎರಡನೇದು, ಹಗ್ಗ ಬಿಗಿಯಾದ್ರೆ ನಿಲ್ಲೋದು. ಕಂಬದ ಥರ ನಿಂತ್ಬಿಡಿ, ಜಗ್ಗಬೇಡಿ, ಕರೀಬೇಡಿ. ನಾಯಿ ತಿರುಗಿ ನೋಡಿದ್ರೋ, ಒಂದು ಹೆಜ್ಜೆ ಹಿಂದೆ ಬಂದು ಹಗ್ಗ ಜೋಲು ಬಿದ್ರೋ, "ಭೇಷ್" ಅಂತ ಹೇಳಿ ನಿಮ್ಮ ತೊಡೆ ಪಕ್ಕಕ್ಕೆ ತಿಂಡಿ ಕೊಟ್ಟು ಮುಂದೆ ನಡೀರಿ. ತಿಂಡಿ ಕೊಡೋ ಜಾಗ ಮುಖ್ಯ, ಕೈ ಮುಂದೆ ಚಾಚಿ ಕೊಟ್ರೆ ನಾಯಿ ಮುಂದೆನೇ ನಿಲ್ಲೋಕೆ ಕಲಿಯತ್ತೆ. ನಿಂತ್ರೂ ತಿರುಗಿ ನೋಡದ ನಾಯಿಗೆ, ಬಿಗಿಯಾಗೋ ಮುಂಚೆನೇ ನೀವೇ ತಿರುಗಿ ಬೇರೆ ದಿಕ್ಕಿಗೆ ಹೊರಡಿ, ಜೊತೆಗೆ ಬಂದ್ರೆ ತಿಂಡಿ. ಮೊದಲ ದಿನಗಳಲ್ಲಿ ನಾಲ್ಕು ಮನೆ ದಾಟೋಕೂ ಆಗಲ್ಲ, ಪರವಾಗಿಲ್ಲ, ದೂರ ಹೋಗೋದು ಗುರಿನೇ ಅಲ್ಲ.

ಒಂದು ಎಚ್ಚರಿಕೆ. ಎರಡು ಮೂರು ದಿನಕ್ಕೆ ಎಳೆತ ಕಮ್ಮಿ ಆಗೋ ಬದ್ಲು ಜಾಸ್ತಿ ಆಗ್ಬಹುದು. ಇಷ್ಟು ದಿನ ನಡೀತಿದ್ದಿದ್ದು ನಡೀತಿಲ್ಲ ಅಂದಾಗ ನಾಯಿ ಇನ್ನೂ ಜೋರಾಗಿ ಪ್ರಯತ್ನ ಮಾಡತ್ತೆ, ಸರಿ ಹೋಗೋ ದಾರೀಲಿ ಇದು ಸಾಮಾನ್ಯ, ಆಗ "ಇದು ವರ್ಕ್ ಆಗ್ತಿಲ್ಲ" ಅಂತ ಬಿಟ್ಕೊಟ್ರೆ ಇನ್ನೂ ಜೋರಾಗಿ ಎಳೆದ್ರೆ ಗೆಲ್ಲಬಹುದು ಅಂತ ಕಲಿಸ್ದಂಗೆ ಆಗತ್ತೆ. ಮನೇಲಿ ನಾಲ್ಕು ಜನ ವಾಕಿಂಗ್ ಮಾಡ್ಸೋರಿದ್ರೆ ನಾಲ್ಕೂ ಜನ ಒಂದೇ ಥರ ಮಾಡ್ಬೇಕು. ಅಪ್ಪನ ಜೊತೆ ಎಳೆದ್ರೆ ನಡೆಯತ್ತೆ, ಅಮ್ಮನ ಜೊತೆ ನಡೆಯಲ್ಲ ಅಂದ್ರೆ ನಾಯಿ ದಿನಾ ಎಳೆದು ನೋಡ್ತಾನೇ ಇರತ್ತೆ. ಕೆಲಸದೋರು ಕರ್ಕೊಂಡು ಹೋಗ್ತಿದ್ರೆ ಅವ್ರಿಗೂ ಪಕ್ಕ ನಿಂತು ತೋರ್ಸಿ.

ತಿಂಡಿ ಬಗ್ಗೆ: ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಪನೀರ್, ಕ್ಯಾರೆಟ್, ಕಡ್ಲೆಕಾಳಿನಷ್ಟು ಚಿಕ್ಕ ಚೂರು. ಉಪ್ಪು, ಖಾರ, ಮಸಾಲೆ ಏನೂ ಇರ್ಬಾರ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಕೊಟ್ಟಷ್ಟನ್ನ ಊಟದಲ್ಲಿ ಕಮ್ಮಿ ಮಾಡಿ. ಮನೇಲಿ ಪ್ರಾಣ ಬಿಡೋ ಪನೀರನ್ನ ರಸ್ತೇಲಿ ಮೂಸಿಯೂ ನೋಡ್ತಿಲ್ಲ ಅಂದ್ರೆ ಅದು ಕೊಬ್ಬು ಅಲ್ಲ. ನಾಯಿ ತುಂಬಾ ಉದ್ವೇಗದಲ್ಲೋ ಭಯದಲ್ಲೋ ಇದೆ ಅಂತ. ಜಾಗ ಬದಲಾಯಿಸಿ, ಶಾಂತ ಕಡೆ ಹೋಗಿ.

ಮೂಸೋಕೆ ಮಾತ್ರ ಧಾರಾಳವಾಗಿ ಬಿಡಿ. ಹಗ್ಗ ಸಡಿಲ ಇಟ್ಕೊಂಡು ಹತ್ತು ಹೆಜ್ಜೆ ಬಂತಾ, "ಹೋಗು ಮೂಸು" ಅಂತ ಆ ಕಂಬದ ಹತ್ರಾನೇ ಬಿಡಿ. ನಾಯಿಗೆ ಬೇಕಾಗಿರೋದೇ ಬಹುಮಾನ ಆದಾಗ ಜೇಬಲ್ಲಿ ತಿಂಡಿ ಇಲ್ಲದ ದಿನವೂ ಕೆಲಸ ನಡೆಯತ್ತೆ. ಭಾನುವಾರ ಚಿಕನ್ ಅಂಗಡಿ ಮುಂದೆ, ಮದುವೆ ಛತ್ರದ ಹಿಂದೆ ಹುಷಾರು, ಬೇಯಿಸಿದ ಮೂಳೆ ಚೂಪಾಗಿ ಸೀಳಿ ಹೊಟ್ಟೆಗೆ ಚುಚ್ಚತ್ತೆ.

ಲಕ್ಷಣ: ಅರ್ಧ ದಾರೀಲಿ ಹಗ್ಗ ಕಚ್ಚಿ ಜಗ್ಗತ್ತೆ, ನಿಮ್ಮ ಮೇಲೇ ಹಾರತ್ತೆ

ಸಾಮಾನ್ಯವಾಗಿ ಇದು ತಲೆ ತುಂಬಿ ಹೋಗಿರೋ ಗುರುತು, ಮಗು ನಿದ್ದೆಗೆಟ್ಟು ರಂಪ ಮಾಡ್ದಂಗೆ. ಎಲ್ಲಿ ಶುರುವಾಯ್ತು ನೋಡಿ: ಕಸದ ಆಟೋ ಹಾಡು ಹಾಕ್ಕೊಂಡು ಬಂತಾ, ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಾ, ಅದಕ್ಕೆ ಮುಂಚೆ ಎರಡು ನಾಯಿ ಬೊಗಳಿದ್ವಾ. ಒಂದೊಂದೇ ಆದ್ರೆ ತಡ್ಕೊಳ್ಳೋ ನಾಯಿ, ಮೂರು ಒಟ್ಟಿಗೆ ಬಂದ್ರೆ ಸಿಡಿಯತ್ತೆ. ಹಗ್ಗ ಕಿತ್ಕೊಳ್ಳೋಕೆ ಹೋದ್ರೆ ಅದಕ್ಕೆ ಆಟ. ಹಗ್ಗ ಸಡಿಲ ಬಿಟ್ಟು ಸುಮ್ನೆ ನಿಂತು ಒಂದು ಹಿಡಿ ತಿಂಡಿ ನೆಲಕ್ಕೆ ಚೆಲ್ಲಿ, ಮೂಗು ಕೆಳಗೆ ಹೋದ್ರೆ ಉದ್ವೇಗ ಇಳಿಯತ್ತೆ, ಆಮೇಲೆ ಹತ್ತಿರದ ದಾರೀಲಿ ಮನೆಗೆ. ಮಾರನೇ ದಿನ ವಾಕಿಂಗ್ ಅರ್ಧ ಮಾಡಿ, ಹೊತ್ತು ಬದಲಾಯಿಸಿ. ಬೆಳಿಗ್ಗೆ ಆರಕ್ಕೆ ಮುಂಚೆ ಬೆಂಗಳೂರಿನ ರಸ್ತೆಗಳು ನಾಯಿಗೂ ಮನುಷ್ಯರಿಗೂ ಬೇರೇನೇ ಊರು.

ಲಕ್ಷಣ: ಬೇರೆ ನಾಯಿ, ಸ್ಕೂಟರ್, ಹಸು, ಬೆಕ್ಕು ಕಂಡಾಗ ಮಾತ್ರ ನುಗ್ಗತ್ತೆ

ಇಲ್ಲಿ ಬಾಲ, ಕಿವಿ, ಬಾಯಿ ನೋಡಿ. ಮೈ ಸಡಿಲ, ಕುಂಯ್ ಕುಂಯ್ ಸದ್ದು, ಮುಂಗಾಲು ಬಗ್ಗಿಸಿ ಆಟಕ್ಕೆ ಕರೆಯೋದು ಇದ್ರೆ ಹತ್ರ ಹೋಗೋಕಾಗ್ದಿರೋ ಚಡಪಡಿಕೆ. ಬಾಲ ಕಾಲ ಸಂದಿಗೆ, ಕಿವಿ ಹಿಂದೆ, ತುಟಿ ನೆಕ್ಕೋದು, ನಿದ್ದೆ ಇಲ್ಲದಿದ್ರೂ ಆಕಳಿಕೆ, ಕಣ್ಣಂಚಿನ ಬಿಳಿ ಕಾಣೋದು ಇದ್ರೆ ಭಯ. ಬೆನ್ನ ಮೇಲಿನ ರೋಮ ನಿಂತಿದ್ರೆ ಕೋಪ ಅಂತಾನೇ ತಿಳ್ಕೋಬೇಡಿ, ಉದ್ವೇಗಕ್ಕೂ ನಿಲ್ಲತ್ತೆ. ಮೈ ಕಲ್ಲಾಗಿ, ಬಾಯಿ ಮುಚ್ಕೊಂಡು, ನೆಟ್ಟ ಕಣ್ಣಲ್ಲಿ ನೋಡ್ತಿದ್ರೆ ಮಾತ್ರ ತಕ್ಷಣ ಅಲ್ಲಿಂದ ಹೊರಡಿ.

ಪರಿಹಾರ ಎರಡಕ್ಕೂ ಒಂದೇ ಕಡೆ ಶುರುವಾಗತ್ತೆ: ದೂರ. ಆ ನಾಯೀನ ನೋಡಿಯೂ ನಿಮ್ಮ ಕೈಯಿಂದ ತಿಂಡಿ ತಿನ್ನೋಕಾಗೋ ದೂರ ಎಷ್ಟು ಅಂತ ಕಂಡುಹಿಡೀರಿ, ರಸ್ತೆ ಆಚೆ ಬದಿಯೋ, ಮೈದಾನದ ಆ ತುದಿಯೋ. ಅಲ್ಲಿ ನಿಂತು, ಅದು ನೋಡಿದ ಕ್ಷಣ ತಿಂಡಿ, ನೋಡಿದ ಕ್ಷಣ ತಿಂಡಿ. ಕೆಲವು ವಾರಕ್ಕೆ ನೋಡಿ ತಾನಾಗೇ ನಿಮ್ಮ ಕಡೆ ತಿರುಗತ್ತೆ, ಆಮೇಲೆ ಒಂದೆರಡು ಹೆಜ್ಜೆ ಹತ್ರ. ಬೊಗಳ್ತು ಅಂದ್ರೆ ನೀವು ತೀರಾ ಹತ್ರ ಹೋಗಿದೀರ, ಹಿಂದೆ ಸರೀರಿ. ನಿಂತಿರೋ ಕಾರು, ಕಾಂಪೌಂಡ್ ಗೋಡೆ ಇವೆಲ್ಲ ಮರೆ ಮಾಡೋಕೆ ಚೆನ್ನಾಗಿ ಆಗತ್ತೆ. "ಫ್ರೆಂಡ್ಸ್ ಮಾಡ್ಕೊಳ್ಳಿ ಬಿಡಿ, ನಮ್ದು ಏನೂ ಮಾಡಲ್ಲ" ಅಂತ ಎದುರಿಂದ ಬರೋರಿಗೆ ದಾಕ್ಷಿಣ್ಯ ಬೇಡ, "ಇನ್ನೂ ಕಲೀತಿದೆ, ದೂರ ಇರ್ಲಿ" ಅಂತ ಹೇಳಿ ದಾಟ್ಬಿಡಿ. ಹಗ್ಗದಲ್ಲಿ ಮುಖಾಮುಖಿ ಮಾಡ್ಸೋದು ಜಗಳಕ್ಕೆ ದಾರಿ.

ಬೀದಿ ನಾಯಿಗಳ ಗುಂಪು ಹಗ್ಗದ ನಾಯಿ ಮೇಲೆ ಬಂದ್ರೆ ಓಡ್ಬೇಡಿ, ನಿಮ್ಮ ನಾಯೀನ ಎತ್ಕೊಂಡು ತಲೆ ಮೇಲೆ ಹಿಡೀಬೇಡಿ. ನಿಮ್ಮ ಹಿಂದೆ ಹಾಕ್ಕೊಂಡು, ಒಂದು ಹಿಡಿ ಬಿಸ್ಕತ್ತು ಆ ಕಡೆ ಎಸೆದು ನಿಧಾನ ಹಿಂದೆ ಸರೀರಿ. ಮಡಚೋ ಛತ್ರಿ ಕೈಲಿದ್ರೆ ಪಟ್ ಅಂತ ಬಿಚ್ಚಿ ಅಡ್ಡ ಹಿಡೀರಿ, ನಿಮ್ಮ ನಾಯಿಗೆ ಆ ಛತ್ರಿ ಮನೇಲೇ ರೂಢಿ ಮಾಡ್ಸಿರ್ಬೇಕು ಅಷ್ಟೇ. ಕಲ್ಲು ಎತ್ಬೇಡಿ, ನಾಳೆನೂ ಅದೇ ಬೀದೀಲಿ ಹೋಗ್ಬೇಕು. ಗುಂಪಿಗೆ ಊಟ ಹಾಕೋರು ಯಾರು ಅಂತ ಕೇಳಿ ಪರಿಚಯ ಮಾಡ್ಕೊಂಡ್ರೆ ಎಷ್ಟೋ ಅನುಕೂಲ, ಯಾವ ನಾಯಿ ಹೇಗೆ ಅಂತ ಅವ್ರಿಗೆ ಗೊತ್ತಿರತ್ತೆ. ಕಿವಿ ತುದಿ ಕತ್ತರಿಸಿರೋ ನಾಯಿ ಅಂದ್ರೆ ಸಂತಾನಹರಣ ಆಪರೇಶನ್ ಆಗಿರೋದು ಅಂತ ಗುರುತು. ನಿಮ್ಮ ಹೆಣ್ಣು ನಾಯಿ ಬೆದೆಗೆ ಬಂದಿದ್ರೆ ಆ ಮೂರು ವಾರ ಮನೆ ಹತ್ರನೇ, ಎರಡು ಹಗ್ಗದಲ್ಲೇ. ಆಪರೇಶನ್ ಬಗ್ಗೆ ಡಾಕ್ಟ್ರ ಹತ್ರ ಮಾತಾಡಿ.

ಲಕ್ಷಣ: ಮನೆ ಕಡೆಗೇ ಎಳೆಯತ್ತೆ, ಇಲ್ಲಾ ರಸ್ತೇಲಿ ಕೂತ್ಬಿಡತ್ತೆ

ಮೊದ್ಲು ನೆಲ ಮುಟ್ಟಿ ನೋಡಿ. ಅಂಗೈ ಹಿಂಭಾಗ ಏಳು ಸೆಕೆಂಡ್ ಡಾಂಬರ್ ಮೇಲೆ ಇಡೋಕಾಗಲ್ಲ ಅಂದ್ರೆ ನಾಯಿ ಪಾದಕ್ಕೂ ಆಗಲ್ಲ, ಏಪ್ರಿಲ್‌ನಲ್ಲಿ ಬಳ್ಳಾರಿ, ಕಲಬುರಗಿ ಕಡೆ ಸಾಯಂಕಾಲ ಆರಕ್ಕೂ ರಸ್ತೆ ಕಾದಿರತ್ತೆ. ಆಮೇಲೆ ಪಾದ ಎತ್ತಿ ಮುಳ್ಳು, ಗಾಜು, ಬೆರಳ ಸಂದಿ ಉಣ್ಣೆ ಹುಳ ನೋಡಿ. ಇವೇನೂ ಇಲ್ಲ ಅಂದ್ರೆ ಹೆಚ್ಚಾಗಿ ಭಯ. ಎಳ್ಕೊಂಡು ಹೋಗ್ಬೇಡಿ, ಎಲ್ಲಿವರೆಗೆ ತಾನಾಗೇ ಬರತ್ತೋ ಅಲ್ಲಿಂದ ವಾಪಸ್. ದೀಪಾವಳಿ ವಾರ, ಗಣೇಶ ಬಿಡೋ ದಿನಗಳಲ್ಲಿ ಕತ್ತಲಾಗೋ ಮುಂಚೆ ವಾಕಿಂಗ್ ಮುಗಿಸಿ. ಪಟಾಕಿ ಸದ್ದಿಗೆ ಹಗ್ಗ ಕಿತ್ಕೊಂಡು ಓಡಿದ ನಾಯಿ ಮತ್ತೆ ಸಿಗೋದು ಕಷ್ಟ.

ಟ್ರೈನಿಂಗ್ ನಿಲ್ಸಿ ಸಹಾಯ ಕೇಳ್ಬೇಕಾದ ಲಕ್ಷಣಗಳು

ಚೆನ್ನಾಗಿ ನಡೀತಿದ್ದ ನಾಯಿ ಇದ್ದಕ್ಕಿದ್ದಂಗೆ ಬದಲಾದ್ರೆ ಮೊದ್ಲು ದೇಹ ನೋಡಿಸ್ಬೇಕು. ಕುಂಟೋದು, ಮೆಟ್ಟಿಲು ಹತ್ತೋಕೆ ಹಿಂಜರಿಯೋದು, ಹಾರ್ನೆಸ್ ಹಾಕೋವಾಗ ಗುರ್ ಅನ್ನೋದು ಇದ್ರೆ ಎಲ್ಲೋ ನೋವಿದೆ. ಊಟ ಬಿಟ್ಟು ಮಂಕಾಗಿದ್ರೆ, ಒಸಡು ಬಿಳಿಚಿದ್ರೆ, ಮೂಗಲ್ಲಿ ರಕ್ತ ಬಂದ್ರೆ, ಜ್ವರ ಇದ್ರೆ ಉಣ್ಣೆ ಜ್ವರ (ಉಣ್ಣೆ ಹುಳ ಕಚ್ಚಿ ಬರೋದು, ಟಿಕ್ ಫೀವರ್) ಇರಬಹುದು, ಬೀದಿಯಿಂದ ಬಂದ ನಾಯಿಗಳಲ್ಲಿ ಬಹಳ ಕಾಣತ್ತೆ, ರಕ್ತ ಪರೀಕ್ಷೆ ಬೇಕು, ಅವತ್ತೇ ಹೋಗಿ. ನಾಯಿ ಮೈ ಬಿಸಿ ನಮಗಿಂತ ಸಹಜವಾಗಿ ಜಾಸ್ತಿ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಹಾಗಾಗಿ ಕೈಯಿಟ್ಟು ನೋಡಿ ಜ್ವರ ಅಂತಲೋ ಇಲ್ಲ ಅಂತಲೋ ತೀರ್ಮಾನ ಮಾಡ್ಬೇಡಿ. ಮನುಷ್ಯರ ಜ್ವರದ ಮಾತ್ರೆ ಕೊಡ್ಲೇಬೇಡಿ. ಖಾಸಗಿ ಕ್ಲಿನಿಕ್ ಖರ್ಚು ಕಷ್ಟ ಅನ್ನೋರಿಗೆ ಬೆಂಗಳೂರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೇರೆ ಕಡೆ ತಾಲೂಕಿನ ಸರ್ಕಾರಿ ಪಶು ಆಸ್ಪತ್ರೆ.

ಮನುಷ್ಯರ ಮೇಲೆ ಹಲ್ಲು ತೋರಿಸಿ ನುಗ್ಗಿದ್ರೆ, ಒಂದು ಸಲವಾದ್ರೂ ಕಚ್ಚಿದ್ರೆ, ನಿಮಗೆ ಹಿಡಿಯೋಕಾಗಲ್ಲ ಅನ್ನೋ ಭಯ ಬಂದಿದ್ರೆ, ಎರಡು ತಿಂಗಳು ಸರಿಯಾಗಿ ಮಾಡಿಯೂ ಚೂರೂ ಬದಲಾವಣೆ ಇಲ್ಲ ಅಂದ್ರೆ ಡಾಕ್ಟ್ರ ಜೊತೆ ನಡವಳಿಕೆ ಗೊತ್ತಿರೋ ಟ್ರೈನರ್ ಬೇಕು. ಅಲ್ಲೀವರೆಗೆ ಬಾಯಿ ತೆರೆದು ಏದುಸಿರು ಬಿಡೋಕೆ ಜಾಗ ಇರೋ ಬುಟ್ಟಿ ಥರದ ಮೂತಿಕವಚವನ್ನ ತಿಂಡಿ ಕೊಟ್ಟು ನಿಧಾನ ರೂಢಿ ಮಾಡ್ಸಿ, ಬಾಯಿ ಬಿಗಿಯೋ ಬಟ್ಟೇದು ವಾಕಿಂಗ್‌ಗೆ ಹಾಕ್ಬೇಡಿ, ಸೆಕೆ ತಡೆಯೋಕಾಗಲ್ಲ.

ಟ್ರೈನರ್ ಒಪ್ಕೊಳ್ಳೋ ಮುಂಚೆ ಅವ್ರು ಬೇರೆ ನಾಯಿ ಜೊತೆ ಕೆಲಸ ಮಾಡೋದನ್ನ ಒಂದು ಸಲ ನಿಂತು ನೋಡಿ. ನಾಯೀನ ಹದಿನೈದು ದಿನ ಬಿಟ್ಟು ಹೋಗಿ, ನೀವು ಬರೋದು ಬೇಡ ಅಂದ್ರೆ, ವಾರದಲ್ಲಿ ಗ್ಯಾರಂಟಿ ಅಂದ್ರೆ, "ನಾನೇ ಬಾಸ್ ಅಂತ ತೋರಿಸ್ಬೇಕು" ಅಂತ ಚೈನ್ ಜಗ್ಗಿದ್ರೆ ವಾಪಸ್ ಬನ್ನಿ. ಒಳ್ಳೆಯೋರು ನಾಯಿಗಿಂತ ಜಾಸ್ತಿ ನಿಮಗೇ ಕಲಿಸ್ತಾರೆ, ಮೊದಲ ದಿನ ನಿಮ್ಮ ಆ ಒಂದು ವಾರದ ಟಿಪ್ಪಣಿನೇ ಕೇಳ್ತಾರೆ, ಹಗ್ಗ ನಿಮ್ಮ ಕೈಲೇ ಇಟ್ಟು ಪಕ್ಕ ನಡೀತಾರೆ.